ಹೊಂಗೆ ಅಕ್ಷರಗಳ ಬಗ್ಗೆ ವನಮಾಲಾ ಕಂಚುಗಾರ ಅವರಿಗೆ

ಬಂಡೆಯೆಣಿಕೆ ೨೧೪ನೇ ವರ್ಷ, ಹದಿಮೂರನೆಯ ತಿಂಗಳು, ನಲವತ್ತನೆಯ ದಿನ
ಅಚ್ಚುಮನೆ, ಕೊಪ್ಪಳದ ಗುಡ್ಡ

ಶ್ರೀಮತಿ ವನಮಾಲಾ ಕಂಚುಗಾರ ಅವರಿಗೆ ಹುಲಿಗೆವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ಕೀಟಲೆ ಮಾಡಿದ್ದಾರೆಂದು ಕಾಗದ ಮಡಚಿಡಬೇಡಿ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದು ಬಿಸಿಲಿನ ತಿಂಗಳು. ಬಿಸಿಲು ಇಳಿಯುವವರೆಗೂ ಅದರ ದಿನಗಳನ್ನು ಎಣಿಸುತ್ತಲೇ ಇರುತ್ತೇವೆ. ನಿಮ್ಮ ಲೆಕ್ಕದಲ್ಲಿ ನಾನು ಹುಟ್ಟುವುದಕ್ಕೆ ಇನ್ನೂ ನೂರಾರು ವರ್ಷಗಳಿವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಕಡತಗಳಿಂದ, ಅವುಗಳಲ್ಲಿ ಹೆಚ್ಚಿನವು ಟೆಂಡರ್ ಪ್ರಕಟಣೆಗಳು ಮತ್ತು ಲಗ್ನಪತ್ರಿಕೆಗಳು. ಒಂದು ಕಡೆ ಸರ್ಕಾರಿ ಧಾಟಿ ಬಂದು, ಇನ್ನೊಂದು ಕಡೆ ಮದುವೆಗೆ ಕರೆದಂತೆ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ಈ ಕಾಗದ ಹಿನ್ನಂಚೆಯಲ್ಲಿ ಬರುತ್ತಿದೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆಗೆ ನಾವು ಹಾಗೆ ಹೇಳುತ್ತೇವೆ. ಅದು ಹೇಗೆ ಹೋಗುತ್ತದೆ ಎಂದು ನನ್ನನ್ನು ಕೇಳಬೇಡಿ. ನಿಮ್ಮ ಮನೆಗೆ ಕರೆಂಟು ಹೇಗೆ ಬರುತ್ತದೆ ಎಂದು ನೀವು ವಿವರಿಸಬಲ್ಲಿರಾ? ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದ. ಅದಕ್ಕೆ ಉತ್ತರ ಬರುವ ದಾರಿಯಿಲ್ಲ. ಬಹಳ ಜನ ಅದನ್ನು ಅಂಚೆಯ ಯಂತ್ರಕ್ಕೆ ಬಾಯಲ್ಲೇ ಹೇಳಿ ತಮ್ಮ ಮುತ್ತಜ್ಜಿಯರಿಗೆ ಕಳಿಸುತ್ತಾರೆ. ನನ್ನ ಗಂಡ ಯಂಕೋಬ ಹರೆಯದಲ್ಲೇ ತನ್ನ ಕಾಗದವನ್ನು ಶೇಂಗಾ ಹೋಳಿಗೆಯ ಹದ ಕೇಳಿ ಕಳಿಸಿ ಮುಗಿಸಿಬಿಟ್ಟಿದ್ದ. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಕೇಳಿದ್ದ. ಅಂಥ ಮನುಷ್ಯ.

ನಾವು ಬಂಡೆಗಳ ನಡುವಿನ ನೆರಳುಬೀದಿಗಳಲ್ಲಿ ಇರುತ್ತೇವೆ. ಒಂದು ಬಂಡೆಯಿಂದ ಇನ್ನೊಂದಕ್ಕೆ ದಪ್ಪ ಬಟ್ಟೆ ಕಟ್ಟಿದ ಓಣಿಗಳವು. ಬೆಳಗಿನ ತಂಪಿನಲ್ಲಿ ಕೆಲಸ, ನಡುಹಗಲು ಎಲ್ಲರಿಗೂ ನಿದ್ದೆ, ಸಂಜೆ ಮತ್ತೆ ಕೆಲಸ. ನೀರನ್ನು ಇಬ್ಬನಿಬಲೆಗಳಿಂದ ಹಿಂಡಿಕೊಳ್ಳುತ್ತೇವೆ. ರೊಟ್ಟಿ ಇದೆ, ಪುಂಡಿಪಲ್ಯ ಇದೆ. ನೀವು ಬಂದರೂ ಊಟಕ್ಕೆ ಕಷ್ಟಪಡಬೇಕಾಗಿಲ್ಲ. ಆದರೆ ಓದುವವರು ಇಲ್ಲ. ಪ್ರತಿಯೊಬ್ಬರ ಕಿವಿಯಲ್ಲೂ ಒಂದು ಕಿವಿಹರಳು ಇರುತ್ತದೆ, ಬೇಕಾದ್ದನ್ನೆಲ್ಲ ಅದೇ ಹೇಳುತ್ತದೆ. ಓದು ಬರುವುದು ಅಚ್ಚುಮನೆಯವರಿಗೆ ಮಾತ್ರ. ಅಚ್ಚುಮನೆಯಲ್ಲಿ ಈಗ ನಾನೊಬ್ಬಳೇ ಇದ್ದೇನೆ. ಒಂದು ಒಳ್ಳೆಯ ಸಾಲು ಕಣ್ಣಿಗೆ ಬಿದ್ದರೆ, ಇದನ್ನು ನೋಡು ಎಂದು ಕರೆದು ತೋರಿಸಲು ಯಾರೂ ಇಲ್ಲ. ಅದು ಎಷ್ಟು ದೊಡ್ಡ ಸಂಕಟವೆಂದು ಮೊದಲು ನನಗೆ ತಿಳಿದಿರಲಿಲ್ಲ.

ಓದು ಬಾರದ ಊರಿಗೆ ಅಚ್ಚುಮನೆ ಏಕೆ ಎಂದು ನೀವು ಕೇಳುತ್ತೀರಿ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರನ್ನು ಒಂದು ಹಾಳೆಯ ಮೇಲೆ ಅಚ್ಚು ಹಾಕಿ ಹೆಸರುಗೋಡೆಗೆ ಅಂಟಿಸುತ್ತೇವೆ. ಬಿಸಿಲಿನ ತಿಂಗಳು ಮುಗಿದ ದಿನ ಮನೆಮಂದಿಯೆಲ್ಲ ಬಂದು ತಮ್ಮವರ ಹಾಳೆಯ ಮುಂದೆ ನಿಲ್ಲುತ್ತಾರೆ. ಓದಲು ಬಾರದವರು ತಮ್ಮವರನ್ನು ಗುರುತು ಹಿಡಿಯುವುದು ಅಕ್ಷರಗಳ ಆಕಾರದಿಂದ. ಅದಕ್ಕಾಗಿಯೇ ಪ್ರತಿಯೊಬ್ಬರೂ ಬದುಕಿರುವಾಗಲೇ ಗೋಡೆಯ ಮುಂದೆ ನಿಂತು ತಮಗೊಂದು ಬರೆಮೊಗವನ್ನು ಆರಿಸಿಕೊಳ್ಳುತ್ತಾರೆ. ನೀವು ಫಾಂಟ್ ಎನ್ನುವುದಕ್ಕೆ ನಮ್ಮ ಮಾತು ಅದು. ನಮ್ಮವ್ವನದು ದುಂಡನೆಯದು, ತಲೆಕಟ್ಟು ದಪ್ಪ. ದೂರದಿಂದ ನೋಡಿದರೂ ಅವಳೇ ಸೊಂಟಕ್ಕೆ ಕೈಯಿಟ್ಟು ನಿಂತಂತೆ ಕಾಣುತ್ತದೆ. ಸತ್ತ ಮೇಲೆ ಬರೆಮೊಗ ಬದಲಿಸುವಂತಿಲ್ಲ. ಬದಲಿಸಿದರೆ ಮನೆಮಂದಿ ಬೇರೆ ಯಾರದೋ ಮುಂದೆ ನಿಂತು ಅತ್ತಂತಾಗುತ್ತದೆ.

ನನ್ನ ಕೆಲಸ ಹಳೆಯ ಫಾಂಟುಗಳ ಅಳತೆಕಡತಗಳನ್ನು ಜೋಡಣಿಗನಿಗೆ ತಿಳಿಯುವಂತೆ ಮಾರ್ಪಡಿಸುವುದು. ಪುಟ ಜೋಡಿಸುವ ಯಂತ್ರಕ್ಕೆ ನಾವು ಜೋಡಣಿಗ ಎನ್ನುತ್ತೇವೆ. ನಿಮ್ಮ ಕಾಲದ ಅಂಥದ್ದೇ ಒಂದು ವ್ಯವಸ್ಥೆಯಿಂದ ಬೆಳೆದದ್ದು ಅದು, ಹಟವೂ ಅದರದೇ. ಒಂದೊಂದು ಅಕ್ಷರದ ಅಗಲ ಎಷ್ಟು, ಗೆರೆಯಿಂದ ಮೇಲೆ ಎತ್ತರ ಎಷ್ಟು, ಒತ್ತಕ್ಷರ ಕೆಳಗೆ ಎಷ್ಟು ಇಳಿಯುತ್ತದೆ, ಯಾವ ಎರಡು ಅಕ್ಷರ ಪಕ್ಕಪಕ್ಕ ಬಂದರೆ ಹತ್ತಿರ ಸರಿಸಬೇಕು, ಇಷ್ಟು ಹೇಳಿದರೆ ಅದಕ್ಕೆ ಸಾಕು. ಹಳೆಯ ಕಡತ ಒಂದು ಮಾನದಲ್ಲಿ ಹೇಳುತ್ತದೆ, ಜೋಡಣಿಗನಿಗೆ ಇನ್ನೊಂದು ಮಾನ ಬೇಕು. ಹಳೆಯ ಕಡತದಲ್ಲಿ ಇಲ್ಲದ್ದನ್ನು ನಾನು ಅಂದಾಜು ಮಾಡಿ ತುಂಬಬೇಕು. ಆದರೆ ಅಕ್ಷರದ ಆಕಾರವನ್ನು ಜೋಡಣಿಗ ನೋಡುವುದೇ ಇಲ್ಲ. ಅದರ ಮಟ್ಟಿಗೆ ಪುಟವೆಂದರೆ ಖಾಲಿ ಡಬ್ಬಿಗಳ ಸಾಲು. ಆಕಾರಗಳು ಬೇರೊಂದು ಕಡತದಲ್ಲಿರುತ್ತವೆ, ಅಚ್ಚು ಹಾಕುವಾಗ ಮಾತ್ರ ಅವನ್ನು ಕರೆಯುತ್ತೇವೆ.

ನೀವು ರಚಿಸಿದ ಹೊಂಗೆ ಎಂಬ ಫಾಂಟಿನ ಅಳತೆಕಡತ ನಮ್ಮ ಉಗ್ರಾಣದಲ್ಲಿದೆ. ಆಕಾರಗಳಿಲ್ಲ. ಕಡತದ ತಲೆಯಲ್ಲಿ ನಿಮ್ಮ ಹೆಸರು, ನಿಮ್ಮ ಮುದ್ರಣಾಲಯದ ಹೆಸರು, ಕೆಳಗೆ ಒಂದು ಸೂಚನೆ: ಅಳತೆಗಳನ್ನು ಯಾರು ಬೇಕಾದರೂ ಹಂಚಬಹುದು, ಅಕ್ಷರರೂಪಗಳನ್ನು ಹಂಚುವಂತಿಲ್ಲ. ನಿಮ್ಮ ಕಾಲದವರ ಈ ಜಾಣತನಕ್ಕೆ ನನಗೆ ಬಂದಿರುವ ಸಿಟ್ಟು ಅಷ್ಟಿಷ್ಟಲ್ಲ. ಅಂಗಿಗೆ ಬೀಗ ಹಾಕಿಟ್ಟುಕೊಂಡು ಅಂಗಿಯ ಅಳತೆಯನ್ನು ಊರಿಗೆಲ್ಲ ಹಂಚಿದಿರಿ. ಹಂಚಿದ್ದು ಉಳಿಯಿತು, ಬೀಗ ಹಾಕಿಟ್ಟದ್ದು ಹೋಯಿತು.

ಆ ಕಡತವನ್ನು ಹಿಡಿದುಕೊಂಡೇ ಯಂಕೋಬ ಮೊದಲ ಸಲ ಅಚ್ಚುಮನೆಯ ಬಾಗಿಲಿಗೆ ಬಂದದ್ದು. ಉಗ್ರಾಣದಲ್ಲಿ ಧೂಳು ಹೊಡೆಯುವ ಕೆಲಸ ಅವನದು. ಇದಕ್ಕೆ ಆಕಾರ ಎಲ್ಲಿ ಎಂದು ಕೇಳಿದ. ಗೊತ್ತಿಲ್ಲ ಎಂದೆ. ಮರುದಿನವೂ ಬಂದ. ಬರೀ ಅಂಕಿಗಳಿಂದ ನಿಮ್ಮ ಕೈಯನ್ನು ಊಹಿಸುತ್ತ ಇಬ್ಬರೂ ಕೂತುಬಿಟ್ಟೆವು. ‘ಳ’ಕ್ಕೆ ಇಷ್ಟು ಜಾಗ ಬಿಟ್ಟವರು ಧಾರಾಳಿಗಳೇ ಇರಬೇಕು ಎಂದು ಅವನು, ‘ರ’ವನ್ನು ಇಷ್ಟು ಹಿಂಡಿದವರು ಜಿಪುಣರು ಎಂದು ನಾನು. ಹಾಗೆ ಊಹಿಸುತ್ತಲೇ ಅವನಿಗೆ ಓದು ಕಲಿಸಿದೆ. ಮದುವೆಯಾದೆವು, ಮಕ್ಕಳಾಗಲಿಲ್ಲ. ಹೊಂಗೆಯನ್ನು ಮಾರ್ಪಡಿಸುವುದು ಮಾತ್ರ ನಡೆದೇ ಇತ್ತು. ಮುಗಿಯಿತು ಎನ್ನುವಾಗ ಅವನು ಒತ್ತಕ್ಷರಗಳ ಇಳಿತವನ್ನು ಮತ್ತೆ ತಿದ್ದುತ್ತಿದ್ದ.

ಗೋಡೆಯ ಮುಂದೆ ನಿಂತು ಬರೆಮೊಗ ಆರಿಸುವ ಸರದಿ ಬಂದಾಗ ಅವನು ಎಲ್ಲರೆದುರು ಹೇಳಿದ: “ನನಗ ಹೊಂಗೀನ ಇರ್ಲಿ.”

“ಇಲ್ಲದ್ದನ್ನ ಆರಿಸ್ಕೊಳ್ಳೋ ಹುಚ್ಚು ಯಾರಿಗೈತಿ?” ಎಂದು ನಾನು ರೇಗಿದೆ.

“ಸಿಗತಾವ ಬಿಡು. ನಾ ಸಾಯೂದ್ರಾಗ ಸಿಗತಾವ,” ಎಂದು ನಕ್ಕ.

ಸಿಗಲಿಲ್ಲ. ಈ ವರ್ಷದ ಮೊದಲ ತಿಂಗಳಲ್ಲಿ ಅವನು ಹೋದ. ಜ್ವರ ಬಂತು, ಇಳಿಯಲಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಹೆಸರುಹಾಳೆ ಹಾಕಬೇಕಾದವಳು ನಾನೇ. ಯಂಕೋಬ ಎಂದು ಜೋಡಿಸಿದೆ. ಜೋಡಣಿಗ ಒಂದು ತಕರಾರೂ ಮಾಡಲಿಲ್ಲ, ಅಳತೆ ಇತ್ತಲ್ಲ. ಹಾಳೆಯ ನಟ್ಟನಡುವೆ ಹೆಸರನ್ನು ಚೊಕ್ಕವಾಗಿ ಕೂರಿಸಿ ಅಚ್ಚಿಗೆ ಕಳಿಸಿತು. ಹಾಳೆ ಖಾಲಿ ಬಂತು. ಎಲ್ಲಿಂದ ಎಲ್ಲಿಯವರೆಗೆ ಅವನ ಹೆಸರು ಇರಬೇಕಿತ್ತು ಎಂದು ನನಗೆ ಕೂದಲೆಳೆಯಷ್ಟೂ ತಪ್ಪದೆ ಗೊತ್ತು. ಕೊನೆಯ ‘ಬ’ವನ್ನು ನೀವು ಹಿಂದಿನ ಅಕ್ಷರದ ಕಡೆಗೆ ಸ್ವಲ್ಪ ಒರಗಿಸಿದ್ದೀರಿ, ಅದೂ ಗೊತ್ತು. ಅಲ್ಲಿ ಅಂಗೈ ಇಟ್ಟುಕೊಂಡು ಬಹಳ ಹೊತ್ತು ಅತ್ತೆ.

ಗೋಡೆ ಕಾಯುವ ಗುರುಪಾದಪ್ಪ ಒಳ್ಳೆಯವನು. “ಬ್ಯಾರೆದ್ರಾಗ ಹಾಕಿಬಿಡು ಹುಲಿಗೆವ್ವಕ್ಕ. ನಿನ್ನ ಬಿಟ್ರ ಅಂವನ್ನ ನೋಡಾಕ ಬರಾವ್ರು ಯಾರದಾರ?” ಎಂದ. ನೋಯಿಸಬೇಕೆಂದು ಹೇಳಿದ್ದಲ್ಲ, ನಿಜವನ್ನೇ ಹೇಳಿದ. ಆಮೇಲೆ, ಅಳತೆ ಇದೆಯಲ್ಲ, ಅದಕ್ಕೆ ಹೊಂದುವಂತೆ ನೀನೇ ಬರೆದುಬಿಡು ಎಂದ. ಬರೆದು ನೋಡಿದೆ. ಡಬ್ಬಿಗಳಲ್ಲಿ ಸರಿಯಾಗಿಯೇ ಕೂತವು. ಆದರೆ ಅದು ನನ್ನ ಕೈ. ಗೋಡೆಯ ಮೇಲೆ ನನ್ನನ್ನೇ ನೋಡಿಕೊಂಡು ನಾನು ಏನು ಮಾಡಲಿ? ನನಗೆ ಅವನು ಬೇಕು. ಬಿಸಿಲು ಇಳಿಯುತ್ತಿದೆ, ಗೋಡೆಯ ದಿನ ಹತ್ತಿರ ಬಂದಿದೆ. ಆ ದಿನ ಹಾಳೆ ಇಲ್ಲದವರ ಜಾಗವನ್ನು ಬೇರೆಯವರಿಗೆ ಕೊಡುತ್ತಾರೆ, ಮತ್ತೆ ಸಿಗುವುದಿಲ್ಲ.

ಆದ್ದರಿಂದ ನಿಮ್ಮಲ್ಲಿ ಕೇಳುತ್ತಿದ್ದೇನೆ. ಹೊಂಗೆಯ ಆಕಾರಗಳ ಬೀಗ ತೆಗೆದು ಅವನ್ನು ಉಳಿಸಿಡಿ.

ಮೊದಲು ಈ ಕಾಗದವನ್ನು ಬರೆದಾಗ, ಅಳತೆಕಡತದ ಪಕ್ಕದಲ್ಲೇ ಇಡಿ ಎಂದು ಬರೆದಿದ್ದೆ. ಬರೆದು ಮಡಚುವಾಗ ಕೈ ನಿಂತಿತು. ಪಕ್ಕದಲ್ಲೇ ಇದ್ದಿದ್ದರೆ ಯಂಕೋಬ ಅಚ್ಚುಮನೆಗೆ ಏಕೆ ಬರುತ್ತಿದ್ದ? ಧೂಳು ಹೊಡೆದು, ಎರಡೂ ಕಡತಗಳನ್ನು ಒಟ್ಟಿಗೆ ಇಟ್ಟು, ಮನೆಗೆ ಹೋಗುತ್ತಿದ್ದ. ನಾನು ಯಾರೆಂದು ಅವನಿಗೆ ತಿಳಿಯುತ್ತಲೇ ಇರಲಿಲ್ಲ. ಹಿನ್ನಂಚೆಯಲ್ಲಿ ಕೇಳಿದ್ದು ನಡೆದುಬಿಟ್ಟರೆ, ಮೊದಲು ಹೇಗಿತ್ತೆಂದು ಕೇಳಿದವರಿಗೇ ನೆನಪಿರುವುದಿಲ್ಲವಂತೆ. ಗೋಡೆಯ ಮೇಲೆ ಯಂಕೋಬ ಎಂಬ ಚೆಂದದ ಹೆಸರು ಇರುತ್ತಿತ್ತು, ನಾನು ಅದರ ಮುಂದೆ ನಿಲ್ಲದೆ ಮುಂದಕ್ಕೆ ಹೋಗುತ್ತಿದ್ದೆ. ಆ ಕಾಗದವನ್ನು ಹರಿದು ಹಾಕಿದೆ.

ನಿಮ್ಮ ಮುದ್ರಣಾಲಯದಿಂದ ಬಂದ ಪೆಟ್ಟಿಗೆಗಳಲ್ಲಿ ಒಂದನ್ನು ನಾವು ಇನ್ನೂ ತೆರೆದಿಲ್ಲ. ಒಂದು ಪೆಟ್ಟಿಗೆಯ ಕಡತಗಳನ್ನು ಓದುವ ಯಂತ್ರಕ್ಕೆ ಒಂದು ವರ್ಷ ಕೂಡಿಟ್ಟ ಬಿಸಿಲಿನ ಶಕ್ತಿ ಬೇಕು, ಹಾಗಾಗಿ ಬೇಡವಾದದ್ದನ್ನು ಕೊನೆಗೆ ಉಳಿಸಿದ್ದೆವು. ಅದರ ಮೇಲಿನ ಚೀಟಿಯಲ್ಲಿ ‘ಶಾಲಾ ಪ್ರಶ್ನೆಪತ್ರಿಕೆಗಳು, ಹಳೆಯವು’ ಎಂದಿದೆ. ಯಂಕೋಬ ಅದನ್ನು ಎಷ್ಟೋ ಸಲ ಒರೆಸಿ ಪಕ್ಕಕ್ಕೆ ಇಟ್ಟಿದ್ದಾನೆ. ಈ ವರ್ಷದ ಬಿಸಿಲು ಅದರದು.

ಅಮ್ಮಾ, ಆಕಾರಗಳನ್ನು ಅದರಲ್ಲಿ ಇಡಿ. ಪ್ರಶ್ನೆಪತ್ರಿಕೆಗಳ ಅಡಿಯಲ್ಲಿ, ಹುಡುಕುವವರಿಗೆ ಬೇಗ ಸಿಗದಂತೆ ಇಡಿ. ಅಳತೆಕಡತ ಎಲ್ಲಿದೆಯೋ ಅಲ್ಲೇ ಒಂಟಿಯಾಗಿ ಇರಲಿ, ಅದನ್ನು ಮುಟ್ಟಬೇಡಿ. ಅವನು ಅದನ್ನು ಹಿಡಿದುಕೊಂಡು ನನ್ನ ಬಾಗಿಲಿಗೆ ಬರಲಿ.

ಕಾಗದ ಅಂಚೆಗೆ ಹಾಕಿದ ಮೇಲೆ ಪೆಟ್ಟಿಗೆ ತೆರೆಯುತ್ತೇನೆ.

ಇಂತಿ,
ಯಂಕೋಬನ ಹೆಂಡತಿ ಹುಲಿಗೆವ್ವ