ಇಪ್ಪತ್ತಮೂರನೇ ರಿಮೋಟ್

೨೪ ಜೂನ್ ೨೦೧೩, ಸೋಮವಾರ. ಮಧ್ಯಾಹ್ನ ೧.೩೦, ಸ್ಟಾಫ್‌ರೂಮ್

ಇವತ್ತೂ ಅದೇ. ಪೆನ್ನು ಒಂದು ಕಡೆ, ಗೆರೆ ಇನ್ನೊಂದು ಕಡೆ. ಸ್ಮಾರ್ಟ್‌ಬೋರ್ಡ್ ಬಂದು ನಾಲ್ಕನೇ ದಿನ. ಮೂವತ್ತಾರು ಮಕ್ಕಳು ಹೋ ಎಂದು ನಕ್ಕರು. ಹತ್ತೊಂಬತ್ತು ವರ್ಷ ಸೀಮೆಸುಣ್ಣ ಹಿಡಿದವಳು ಮೂರನೇ ಕ್ಲಾಸಿನ ಎದುರು ಒಂದು ಗೆರೆ ಎಳೆಯಲು ಒದ್ದಾಡಬೇಕು. ಅಂಬರನಾಥದಿಂದ ಆರೂ ಇಪ್ಪತ್ತರ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಡೊಂಬಿವಲಿಗೆ ಬರುವುದು ಇದಕ್ಕೆ!

ಬೋರ್ಡು ಕೊಟ್ಟ ಕಂಪನಿಯ ದ್ರೌಪದಿ ಬಂದು ಸರಿ ಮಾಡಿದಳು. ಗದಗದ ಕಡೆಯವಳು. ಬೋರ್ಡು, ಲ್ಯಾಪ್‌ಟಾಪು ನೋಡಿಕೊಳ್ಳಲು ಅವರೇ ಇಟ್ಟಿದ್ದಾರೆ. ಹೋಗುವಾಗ ಹೇಳಿದ್ದು — "ಮೇಡಂ, ಪಾಠ ನಡುವ ನಿಲ್ಲಸಬ್ಯಾಡ್ರಿ. ಇಪ್ಪತ್ತೆರಡು ಮಿನಿಟ್ ಪೂರ್ತಿ ಓಡಬೇಕು. ಇಲ್ಲಾಂದ್ರ ರಿಪೋರ್ಟಿನ್ಯಾಗ ಇನ್‌ಕಂಪ್ಲೀಟ್ ಅಂತ ಬರ್ತೈತ್ರಿ."

ಭಿನ್ನರಾಶಿಯ ಪಾಠ. ಒಬ್ಬ ಬಿಳಿ ಟೋಪಿಯವನು ಪಿಜ್ಜಾ ಕತ್ತರಿಸುತ್ತಾ ಹೋಗುತ್ತಾನೆ. ಅರ್ಧ, ಕಾಲು, ಎಂಟನೇ ಒಂದು. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಮುಗಿದ ಮೇಲೆ ಕೇಳಿದೆ, ಕಾಲು ದೊಡ್ಡದೋ ಎಂಟನೇ ಒಂದು ದೊಡ್ಡದೋ? ಎಂಟು, ಎಂಟು ಎಂದು ಕೂಗಿದರು.

ಇದಕ್ಕೆ ಪಾಠ ಎನ್ನಬೇಕೇ? ಇದು ಸಿನಿಮಾ.

೪ ಜುಲೈ, ಗುರುವಾರ. ಮಧ್ಯಾಹ್ನ

ನಿಲ್ಲಿಸಿದೆ. ಎರಡನೇ ನಿಮಿಷಕ್ಕೇ ನಿಲ್ಲಿಸಿದೆ. ಇನ್‌ಕಂಪ್ಲೀಟ್ ಬರಲಿ.

ಮೂರು ದಿನ ಕೂತು ಆ ಪಾಠವನ್ನು ಬಿಚ್ಚಿ ಮತ್ತೆ ಕಟ್ಟಿದ್ದೇನೆ. ಮೊದಲು ಎರಡು ನಿಮಿಷ ವಿಡಿಯೊ, ಕಣ್ಣು ತೆರೆಸಲು. ಆಮೇಲೆ ಬೋರ್ಡು ಆಫ್. ಎಲ್ಲರ ಕೈಗೂ ಹಳೇ ಪೇಪರಿನ ತುಂಡು. ಮಡಚಿ, ಇನ್ನೊಮ್ಮೆ ಮಡಚಿ, ಇನ್ನೊಮ್ಮೆ. ಮಡಚಿದಷ್ಟೂ ಚಿಕ್ಕದಾಗುವುದನ್ನು ಬೆರಳೇ ಕಲಿಯಬೇಕು. ನಂತರ ಗೆರೆ ಇರುವ ಶೇಂಗಾ ಚಿಕ್ಕಿ, ಬೆಂಚಿಗೊಂದು. ಮುರಿಯುವ ಮೊದಲು ಯಾರಿಗೆಷ್ಟು ಎಂದು ಬರೆದು ತೋರಿಸಬೇಕು. ಜಗಳವೋ ಜಗಳ. ಭಿನ್ನರಾಶಿ ಅಂದರೆ ಅದೇ ಜಗಳ. ಕೊನೆಗೆ ಬೋರ್ಡು ಆನ್, ಐದು ಪ್ರಶ್ನೆ, ರಿಮೋಟ್.

ರಿಮೋಟ್ ಮಾತ್ರ ನನಗೆ ಇಷ್ಟವಾಗಿದೆ. ಸುಳ್ಳು ಬರೆಯುವುದೇಕೆ. ಅಂಗೈಯಷ್ಟು ಡಬ್ಬಿ, ಎ, ಬಿ, ಸಿ, ಡಿ ಎಂದು ನಾಲ್ಕು ಬಟನ್. ಬೆನ್ನಿಗೆ ರೋಲ್ ನಂಬರು. ಎಲ್ಲರೂ ಒತ್ತಿದ ಕೂಡಲೇ ಎಷ್ಟು ಮಂದಿಗೆ ಗೊತ್ತು, ಎಷ್ಟು ಮಂದಿಗೆ ಇಲ್ಲ ಎಂದು ಬೋರ್ಡಿನ ಮೇಲೆ ಕಂಬಗಳು ಏಳುತ್ತವೆ. ಯಾರು ಏನು ಒತ್ತಿದರು ಎನ್ನುವುದು ವಾರದ ಕೊನೆಗೆ ನನಗೊಬ್ಬಳಿಗೇ ಬರುತ್ತದೆ. ಎಂದೂ ಕೈ ಎತ್ತದ ಮಕ್ಕಳೂ ಉತ್ತರಿಸುತ್ತಾರೆ.

ಕಾಲು ದೊಡ್ಡದು ಎಂದವರು ಮೂವತ್ತೊಂದು. ಖುಷಿಯಾಯಿತು.

೧೯ ಜುಲೈ, ಶುಕ್ರವಾರ

ಮೊದಲ ರಿಪೋರ್ಟ್, ಎರಡು ವಾರದ್ದು ಒಟ್ಟಿಗೆ. ಹೆಸರುಗಳೆಲ್ಲ ಹಸಿರು, ಹಳದಿ, ಕೆಂಪು. ಕೆಂಪಿನಲ್ಲಿ ಆರು. ಐದು ಊಹಿಸಿದ್ದವೇ. ಆರನೆಯದು ಪ್ರೇಕ್ಷಾ, ರೋಲ್ ನಂಬರ್ ಇಪ್ಪತ್ತಮೂರು.

ವಿಚಿತ್ರ. ನೋಟ್‌ಬುಕ್ಕಿನಲ್ಲಿ ಎಲ್ಲ ಸರಿ ಇರುತ್ತದೆ. ಮುತ್ತಿನಂಥ ಅಕ್ಷರ. ಹಾಗಾದರೆ ಪಕ್ಕದ ಪ್ರಥಮನದ್ದು ನೋಡಿ ಬರೆಯುತ್ತಾಳೆ. ಅವನು ಕ್ಲಾಸಿಗೇ ಫಸ್ಟ್. ಬೇರೆ ಹೇಗೆ ಸಾಧ್ಯ?

ಇಬ್ಬರನ್ನೂ ಬೇರೆ ಮಾಡಿದೆ. ಅವಳಿಗೆ ಮುಂದಿನ ಬೆಂಚು, ಒಂಟಿ.

೨ ಆಗಸ್ಟ್, ಶುಕ್ರವಾರ. ಸಂಜೆ, ಮನೆ

ಬೆಂಚು ಬದಲಿಸಿದ ಮೇಲೂ ಪ್ರೇಕ್ಷಾ ಕೆಂಪೇ. ಅಪ್ಪ ಅಮ್ಮನನ್ನು ಕರೆಸಿದ್ದೆ. ಲೀಲಾಧರ, ಭಿವಂಡಿಯ ಹೋಟೆಲೊಂದರಲ್ಲಿ ಕ್ಯಾಶಿಯರ್. ಹರಿಣಾಕ್ಷಿ ಮನೆಯಲ್ಲೇ ಹೊಲಿಗೆ. ಹೆಡ್ ಜಯಲತಾ ಮೇಡಮ್ಮರ ಆಫೀಸಿನಲ್ಲಿ ಕೂರಿಸಿದೆ. ಬೇರೆ ಇಬ್ಬರು ಟೀಚರುಗಳೂ ಇದ್ದರು.

"ಮನೆಯಲ್ಲಿ ಎಲ್ಲ ಬರ್ತದೆ ಟೀಚರ್ ಅವಳಿಗೆ. ನಾನೇ ಕೂತು ಕೇಳ್ತೇನಲ್ಲ," ಎಂದಳು ಹರಿಣಾಕ್ಷಿ.

ಪ್ರಿಂಟ್‌ಔಟ್ ಮುಂದಿಟ್ಟೆ. "ಇದು ನಾನು ಹಾಕಿದ ಮಾರ್ಕ್ಸ್ ಅಲ್ಲಮ್ಮ. ಅವಳೇ ಒತ್ತಿದ್ದು. ಕಂಪ್ಯೂಟರಿಗೆ ನಿಮ್ಮ ಮಗಳ ಮೇಲೆ ಏನು ದ್ವೇಷ?"

ಲೀಲಾಧರ ಮಗಳ ಕಡೆ ತಿರುಗಿದರು. ಅವಳು ನೆಲ ನೋಡುತ್ತಾ ಹಿಂದಿಯಲ್ಲಿ ಹೇಳಿದಳು — "ಟೀಚರ್, ಮೈನೇ ಸೀ ದಬಾಯಾ ಥಾ." ಸಿ ಒತ್ತಿದ್ದೆ ಎಂದು. ನಾನು, "ಕಾಪಿ ಮಾಡುವುದೂ ಅಲ್ಲದೆ ಸುಳ್ಳು ಬೇರೆ ಹೇಳಬಾರದು," ಎಂದೆ. ಅವಳು ಇನ್ನೊಮ್ಮೆ ಹೇಳಿದಳು, ಸ್ವಲ್ಪ ಜೋರಾಗಿ. ಲೀಲಾಧರರ ಕೈ ಬೀಸಿಯೇ ಬಿಟ್ಟಿತು. ಎಲ್ಲರೆದುರು.

ಹೊಡೆಯಬಾರದಿತ್ತು. ಅದನ್ನು ಹೇಳಿದೆ. ಸೋಮವಾರದಿಂದ ಸಪೋರ್ಟ್ ಬ್ಯಾಚ್ ಎಂದು ಬರೆದು ಸಹಿ ಮಾಡಿದೆ.

೨೭ ಆಗಸ್ಟ್, ಮಂಗಳವಾರ

ಸಪೋರ್ಟ್ ಬ್ಯಾಚ್ ಅಂದರೆ ಲೈಬ್ರರಿ ರೂಮು. ಗಣಿತದ ಹೊತ್ತಿಗೆ ಆರು ಮಕ್ಕಳು ಅಲ್ಲಿ ಕೂತು ಒಂದನೇ ಕ್ಲಾಸಿನ ವರ್ಕ್‌ಶೀಟ್ ತುಂಬುತ್ತಾರೆ. ವಾರದ ಟೆಸ್ಟಿಗೆ ಮಾತ್ರ ಕ್ಲಾಸಿಗೆ ಬಂದು ರಿಮೋಟ್ ಒತ್ತಿ ಹೋಗುತ್ತಾರೆ. ಕೆಂಪು ಬಂದರೆ ರಿಪೋರ್ಟಿನ ಒಂದು ಪ್ರತಿ ಮನೆಗೂ ಹೋಗುತ್ತದೆ.

ಪ್ರೇಕ್ಷಾ ಮಾತು ಬಿಟ್ಟಿದ್ದಾಳೆ. ಹಾಜರಿಗೂ ಕೈ ಮಾತ್ರ. ಗೇಟಿನ ಹತ್ತಿರ ಹರಿಣಾಕ್ಷಿ ಹಿಡಿದು ನಿಲ್ಲಿಸಿದಳು. ಮನೆಯಲ್ಲೂ ಹಾಗೇ ಅಂತೆ. "ಉಗುರು ಕಚ್ಚಿ ಕಚ್ಚಿ ರಕ್ತ ಬರಿಸ್ಕೊಂಡಿದ್ದಾಳೆ ಟೀಚರ್." ನೋಡುತ್ತೇನೆ ಎಂದೆ.

ನೋಡಲು ಪುರಸೊತ್ತೆಲ್ಲಿ? ಅಕ್ಟೋಬರ್ ಐದಕ್ಕೆ ಸ್ಮಾರ್ಟ್‌ಬೋರ್ಡಿನ ಡೆಮೊ. ಠಾಣೆ, ನವಿ ಮುಂಬಯಿಯ ಪ್ರಿನ್ಸಿಪಾಲರು ಬರುತ್ತಾರೆ. ನನ್ನ ಭಿನ್ನರಾಶಿ ಪಾಠವನ್ನೇ ತೋರಿಸುವುದಂತೆ. ಹೆಮ್ಮೆಯಾಯಿತು. ಬರೆದುಕೊಳ್ಳಲು ನಾಚಿಕೆ ಏನು.

೨೦ ಸೆಪ್ಟೆಂಬರ್, ಶುಕ್ರವಾರ. ೧೨.೪೦

ಅವಸರದಲ್ಲಿ ಗೀಚುತ್ತಿದ್ದೇನೆ. ಅಕ್ಷರ ಸೊಟ್ಟ.

ವಾರದ ಟೆಸ್ಟ್. ಪ್ರೇಕ್ಷಾ ರಜೆ. ಪ್ರಥಮನ ರಿಮೋಟಿನ ಸೆಲ್ ಮುಗಿದಿತ್ತು. ಖಾಲಿ ಇದೆಯಲ್ಲ ಎಂದು ಇಪ್ಪತ್ತಮೂರನ್ನು ಅವನ ಕೈಗೆ ಕೊಟ್ಟೆ. ಮುಗಿದ ಮೇಲೆ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಐದರಲ್ಲಿ ಒಂದು ಸರಿ. ಪ್ರಥಮನಿಗೆ! ಅವನು ಅಲ್ಲೇ ಅತ್ತುಬಿಟ್ಟ. "ಟೀಚರ್, ಮೈನೇ ಸೀ ದಬಾಯಾ ಥಾ!"

ಕೂಡಲೇ ಅವನ ಕೈಯಿಂದ ತೆಗೆದುಕೊಂಡೆ. ಸಿ ಒತ್ತಿದೆ. ಲ್ಯಾಪ್‌ಟಾಪಿನಲ್ಲಿ ಬಿ. ಡಿ ಒತ್ತಿದೆ. ಬಿ. ಹತ್ತು ಸಲ ಒತ್ತಿದೆ. ಬಿ, ಬಿ, ಬಿ, ಬಿ.

ಅದೇ ಮಾತು. ಅಕ್ಷರಕ್ಕೆ ಅಕ್ಷರ ಅದೇ ಮಾತು. ಪ್ರಥಮ ಹೇಳಿದಾಗ ನನಗೆ ನಂಬಲು ಒಂದು ನಿಮಿಷ ಬೇಕಾಗಲಿಲ್ಲ. ಅವಳು ಎರಡು ಸಲ ಹೇಳಿದಳು, ಏಟು ತಿಂದಳು.

ಮೂವತ್ತಾರನ್ನೂ ಒತ್ತಿ ನೋಡಿದೆ. ಮೂವತ್ತೊಂದನೆಯದೂ ಕೆಟ್ಟಿದೆ. ಆ ಹುಡುಗನೂ ಸಪೋರ್ಟ್ ಬ್ಯಾಚಿನಲ್ಲೇ ಇದ್ದಾನೆ. ಪ್ರೇಕ್ಷಾಳ ನೋಟ್‌ಬುಕ್ ತೆಗೆದೆ. ಒಂಟಿ ಬೆಂಚಿಗೆ ಹಾಕಿದ ಮೇಲೆ ಬರೆದದ್ದೂ ಎಲ್ಲ ಸರಿ. ಯಾರದ್ದು ನೋಡಿ ಬರೆದಳು, ಗೋಡೆಯದ್ದೇ? ಆ ಪುಟಗಳಿಗೆ ರೈಟ್ ಹಾಕಿದವಳು ನಾನೇ. ಹಾಕುವಾಗ ಕಣ್ಣೆಲ್ಲಿತ್ತು, ಮೂಳಿ?

೨೧ ಸೆಪ್ಟೆಂಬರ್, ಶನಿವಾರ

ಜಯಲತಾ ಮೇಡಂ ಚಹಾ ಕುಡಿಯುತ್ತಾ ಕೇಳಿದರು. ಕಪ್ಪು ಕೆಳಗಿಡಲೇ ಇಲ್ಲ.

"ಎಂತ ವನಮಾಲಾ, ಎರಡು ರಿಮೋಟ್ ಹಾಳಾದ್ರೆ ಎರಡು ಬದಲಾಯಿಸಿದ್ರಾಯ್ತು. ಅದಕ್ಕೆ ಇಷ್ಟು ಗಲಾಟೆಯಾ?"

"ರಿಮೋಟ್ ಅಲ್ಲ ಮೇಡಂ, ಎರಡು ಮಕ್ಕಳು. ಬೇರೆ ಕ್ಲಾಸುಗಳದ್ದೂ ಇವತ್ತೇ ಒತ್ತಿ ನೋಡಬೇಕು. ಎಲ್ಲ ಕ್ಲಾಸಲ್ಲೂ ಸಪೋರ್ಟ್ ಬ್ಯಾಚ್ ಇದೆ."

"ಡೆಮೊ ಆಗ್ಲಿ ಮಾರಾಯ್ತಿ. ಈಗ ಬಾಯಿ ಬಿಟ್ರೆ ಪೇರೆಂಟ್ಸ್ ಎಲ್ಲ ಬಂದು ಕೂರ್ತಾರೆ. ಮತ್ತೆ... ಆ ದಿನ ಸಪೋರ್ಟ್ ಬ್ಯಾಚಿನವರಿಗೆ ರಜೆ ಕೊಡುವ. ಅವರಿಗೂ ಟೆನ್ಶನ್ ಬೇಡ."

ದ್ರೌಪದಿಯನ್ನು ಹಿಡಿದೆ. ಹಳೆಯ ರಿಪೋರ್ಟ್ ತಿದ್ದಲು ಬರುವುದಿಲ್ಲವಂತೆ, ಲಾಕ್ ಆಗಿದೆಯಂತೆ. ಆಮೇಲೆ ತಗ್ಗಿದ ದನಿಯಲ್ಲಿ, "ರಬ್ಬರ್ ಸರದು ಬಟನ್ ಹಿಂಗ ಆಗೂದು ನಾ ಮೊದಲೂ ನೋಡೇನ್ರಿ. ಕಂಪನಿಗೆ ಬರದೇನಿ. ಉತ್ತರ ಬಂದಿಲ್ರಿ." ಇವಳಿಗೆ ಗೊತ್ತಿತ್ತು! ಗೊತ್ತಿದ್ದೂ ಮೂರು ತಿಂಗಳು ನನ್ನ ಕ್ಲಾಸಿನಲ್ಲಿ ಓಡಾಡಿಕೊಂಡಿದ್ದಳು. ಕೂಗಾಡಿದೆ. ಅವಳು ಅತ್ತಳು. ಅವಳ ಮೇಲೆ ಕೂಗುವುದು ಸುಲಭ.

೨೨ ಸೆಪ್ಟೆಂಬರ್, ಭಾನುವಾರ. ಮಧ್ಯಾಹ್ನ

ಬೆಳಿಗ್ಗೆ ಅವರ ಮನೆಗೆ ಹೋದೆ. ಠಾಕುರ್ಲಿಯ ಚಾಳು, ಎರಡನೇ ಮಾಳಿಗೆ. ಲೀಲಾಧರ ಕೆಲಸಕ್ಕೆ ಹೊರಟಿದ್ದರು. ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಮಷೀನು ಕೆಟ್ಟಿತ್ತು, ಮಗು ನಿಜ ಹೇಳಿತ್ತು, ತಪ್ಪು ನನ್ನದು.

ಲೀಲಾಧರ ಶರ್ಟಿನ ಗುಂಡಿ ಹಾಕುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. "ಆ ಮೇಲೂ ಹೊಡೆದಿದ್ದೇನೆ ಟೀಚರ್. ಪ್ರತಿ ವಾರ ನಿಮ್ಮ ಕೆಂಪು ಕಾಗದ ಬಂದಾಗ್ಲೆಲ್ಲ." ಅಷ್ಟೇ. ಮುಖ ಗೋಡೆಗೆ ತಿರುಗಿಸಿದರು.

ಹರಿಣಾಕ್ಷಿ ಒಳಗೆ ನೋಡಿ ತುಳುವಿನಲ್ಲಿ ಕರೆದಳು, "ಮಗಾ, ಇಂಚಿ ಬಲ." ಇಲ್ಲಿ ಬಾ ಎಂದು. ಪರದೆ ಅಲುಗಲಿಲ್ಲ. ಎರಡನೇ ಸಲ ಕರೆಯಲಿಲ್ಲ ಅವಳು. ನನ್ನ ಕಡೆ ತಿರುಗಿದಳು.

"ಸುಳ್ಳಿ ಅಂತ ಹೇಳುವಾಗ ಆಫೀಸಿನಲ್ಲಿ ಎಲ್ಲರೆದುರು ಹೇಳಿದ್ರಿ. ಈಗ ನನ್ನ ಅಡಿಗೆಮನೆಯಲ್ಲಿ ಬಂದು ಹೇಳಿದ್ರೆ ಆಯ್ತಾ?"

ಆ ಮಾತನ್ನೇ ಹೊತ್ತುಕೊಂಡು ಮೆಟ್ಟಿಲಿಳಿದೆ.

೫ ಅಕ್ಟೋಬರ್, ಶನಿವಾರ. ಸಂಜೆ

ಮಾಡಿದೆ.

ಸಪೋರ್ಟ್ ಬ್ಯಾಚಿಗೆ ರಜೆ ಎಂಬ ಚೀಟಿಯನ್ನು ನಾನು ಮನೆಗಳಿಗೆ ಕಳಿಸಲೇ ಇಲ್ಲ. ಆರೂ ಮಕ್ಕಳು ಬಂದಿದ್ದರು. ಹರಿಣಾಕ್ಷಿಯನ್ನೂ ಬರಹೇಳಿದ್ದೆ. ಬಾಗಿಲ ಹತ್ತಿರ ನಿಂತಿದ್ದಳು. ಹಿಂದೆ ಹದಿನಾಲ್ಕು ಪ್ರಿನ್ಸಿಪಾಲರು, ಟ್ರಸ್ಟಿಗಳು, ಕೋಟು ತೊಟ್ಟ ಕಂಪನಿಯವರು.

ವಿಡಿಯೊ ಎರಡು ನಿಮಿಷ. ಪೇಪರು ಮಡಚಿದ್ದು. ಚಿಕ್ಕಿ, ಜಗಳ. ಎಲ್ಲರೂ ನಕ್ಕರು, ತಲೆದೂಗಿದರು. ಇನ್ನು ರಿಮೋಟ್ ಎಂದು ಕಾದರು. ನಾನು ಇಪ್ಪತ್ತಮೂರನ್ನು ಮೇಜಿನ ಡ್ರಾಯರಿನಿಂದ ತೆಗೆದು ನೆರೂಳಿನ ಒಬ್ಬ ಪ್ರಿನ್ಸಿಪಾಲರ ಕೈಗಿಟ್ಟೆ. "ಸರ್, ಸಿ ಒತ್ತಿ." ಒತ್ತಿದರು. ಬೋರ್ಡಿನ ಮೇಲೆ ಬಿ ಕಂಬ ಎದ್ದಿತು. "ಡಿ ಒತ್ತಿ." ಬಿ.

"ಇದು ಪ್ರೇಕ್ಷಾಳ ರಿಮೋಟ್," ಎಂದೆ. ಇಂಗ್ಲಿಷಿನಲ್ಲಿ ಹೇಳಿದೆ, ಆಮೇಲೆ ಮಕ್ಕಳಿಗಾಗಿ ಹಿಂದಿಯಲ್ಲಿ. "ಮೂರು ತಿಂಗಳು ಅವಳು ಸರಿ ಒತ್ತಿದಳು. ಇದು ತಪ್ಪು ಕಳಿಸಿತು. ಅವಳು ಹೇಳಿದಳು. ನಾನು ಸುಳ್ಳಿ ಎಂದೆ, ಕಾಪಿ ಮಾಡುವವಳು ಎಂದೆ. ಸಹಿ ಮಾಡಿದೆ. ಅವಳು ಸುಳ್ಳು ಹೇಳಿರಲಿಲ್ಲ. ಮೂವತ್ತೊಂದನೇ ನಂಬರಿನ ಹುಡುಗನೂ ಅಷ್ಟೇ. ನಿಮ್ಮ ಶಾಲೆಗಳಲ್ಲಿ ಈ ಡಬ್ಬಿಗಳಿದ್ದರೆ ಸೋಮವಾರ ಪಾಠಕ್ಕೆ ಮೊದಲು ಒಂದೊಂದನ್ನೂ ನೀವೇ ಒತ್ತಿ ನೋಡಿ."

ನೆರೂಳಿನವರು ಡಬ್ಬಿಯನ್ನು ತಿರುಗಿಸಿ ಬೆನ್ನಿನ ನಂಬರು ನೋಡಿದರು. ಜಯಲತಾ ಮೇಡಮ್ಮರ ಮುಖ ನಾನು ನೋಡಲಿಲ್ಲ. ಐದು ಪ್ರಶ್ನೆಗಳನ್ನು ಕಾಗದದ ಚೀಟಿಗಳಲ್ಲಿ ಮುಗಿಸಿದೆ. ಎ, ಬಿ, ಸಿ, ಡಿ ಎಂದು ಮಕ್ಕಳೇ ಬರೆದು ಎತ್ತಿ ಹಿಡಿದರು.

ಪ್ರೇಕ್ಷಾ ಚೀಟಿ ಎತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಹರಿಣಾಕ್ಷಿ ಬಂದು ಕೈ ಹಿಡಿದು ಕರೆದುಕೊಂಡು ಹೋದಳು.

೭ ಅಕ್ಟೋಬರ್, ಸೋಮವಾರ

ಮೆಮೊ. ಶಾಲೆಯ ಹೆಸರಿಗೆ ಧಕ್ಕೆ, ಶಿಸ್ತಿನ ಉಲ್ಲಂಘನೆ, ಇತ್ಯಾದಿ. ಮೂರನೇ ಕ್ಲಾಸು ನನ್ನಿಂದ ತೆಗೆದರು. ಇನ್ನು ಲೈಬ್ರರಿ.

"ನನ್ನತ್ರ ಮೊದ್ಲು ಒಂದು ಮಾತು ಹೇಳಬಹುದಿತ್ತು," ಎಂದರು ಜಯಲತಾ ಮೇಡಂ. "ಹೇಳಿದ್ದೆ. ನೀವು ಚಹಾ ಕುಡೀತಿದ್ರಿ," ಎಂದೆ.

೧೧ ಅಕ್ಟೋಬರ್, ಶುಕ್ರವಾರ

ಟ್ರಸ್ಟಿಗಳೇ ಹೆದರಿ ಇಡೀ ಶಾಲೆಯ ರಿಮೋಟುಗಳನ್ನು ಒತ್ತಿಸಿ ನೋಡಿದ್ದಾರೆ. ಕೆಟ್ಟಿರುವುದು ಹನ್ನೊಂದು. ದ್ರೌಪದಿ ಪಟ್ಟಿಯನ್ನು ಕದ್ದು ತಂದು ನನ್ನ ಮೇಜಿನ ಮೇಲಿಟ್ಟು ಹೋದಳು. ಹನ್ನೊಂದರಲ್ಲಿ ಒಂಬತ್ತು ಮಕ್ಕಳು ಸಪೋರ್ಟ್ ಬ್ಯಾಚಿನವರು.

ಹೊಸ ರಿಮೋಟುಗಳು ಬಂದವು. ಬ್ಯಾಚು ರದ್ದು. ಮನೆಗಳಿಗೆ ಒಂದು ಸಾಲಿನ ಕಾಗದವೂ ಹೋಗಲಿಲ್ಲ. ಯಾಕೆ ಕೆಂಪಾಗಿತ್ತು, ಯಾಕೆ ಹಸಿರಾಯಿತು, ಯಾರಿಗೂ ಹೇಳುವುದಿಲ್ಲವಂತೆ. ಏಟು ತಿಂದ ಮಕ್ಕಳು ಸುಳ್ಳರಾಗಿಯೇ ಉಳಿಯಬೇಕು.

ನಾನೇ ಬರೆಯುತ್ತೇನೆ. ಹನ್ನೊಂದು ಕಾಗದ, ಕೈಯಲ್ಲಿ, ನನ್ನ ಸಹಿಯಲ್ಲಿ. ಇನ್ನೊಂದು ಮೆಮೊ ಕೊಡಲಿ.

೨೦ ನವೆಂಬರ್, ಬುಧವಾರ. ೧೦.೫೦, ಲೈಬ್ರರಿ

ದೀಪಾವಳಿ ರಜೆ ಮುಗಿದು ಮೂರನೇ ದಿನ. ಇನ್ನೊಂದು ಮೆಮೊವೂ ಬಂದಿದೆ. ಬರಲಿ.

ಈಗಷ್ಟೇ ಪ್ರೇಕ್ಷಾ ಬಂದಿದ್ದಳು. ಚಿಕ್ಕ ರಿಸೆಸ್. ಪುಸ್ತಕಕ್ಕೆ ಎಂದುಕೊಂಡೆ. ಅವಳು ಮೇಜಿನ ಎದುರು ನಿಂತೇ ಇದ್ದಳು, ಎರಡೂ ಕೈ ಮುಷ್ಟಿ ಕಟ್ಟಿಕೊಂಡು. ಆಮೇಲೆ ಕೇಳಿದಳು. ಕನ್ನಡದಲ್ಲಿ. ನನ್ನೊಡನೆ ಎಂದೂ ಕನ್ನಡ ಆಡಿದವಳಲ್ಲ. ಮನೆಯಲ್ಲಿ ಕೂತು ಜೋಡಿಸಿಕೊಂಡು ಬಂದಿರಬೇಕು.

"ನೀವು ಯಾಕೆ ಅವತ್ತೇ ಒತ್ತಿ ನೋಡ್ಲಿಲ್ಲ?"

ಏನೇನೋ ಬಾಯಿಗೆ ಬಂತು. ಕೆಲಸ, ಡೆಮೊ, ಮೂವತ್ತಾರು ಮಕ್ಕಳು. ಎಲ್ಲ ನುಂಗಿದೆ. "ನಿನಗಿಂತ ಹೆಚ್ಚು ಅದನ್ನು ನಂಬಿದೆ. ತಪ್ಪು ಮಾಡಿದೆ," ಎಂದೆ.

ಅವಳು ಕೂಗಿದಳು. ಅಷ್ಟು ಚಿಕ್ಕ ದೇಹದಿಂದ ಅಂಥ ದನಿ. "ಮೈನೇ ಬೋಲಾ ಥಾ! ದೋ ಬಾರ್ ಬೋಲಾ ಥಾ!" ಹೇಳಿದ್ದೆ, ಎರಡು ಸಲ ಹೇಳಿದ್ದೆ. ಮೇಜಿಗೆ ಗುದ್ದಿದಳು. ಪುಸ್ತಕಗಳು ಬಿದ್ದವು. ಹಿಂದಿ, ತುಳು, ಮರಾಠಿ ಎಲ್ಲ ಸೇರಿಸಿ ಬೈದಳು ನನ್ನನ್ನು, ಅಪ್ಪನನ್ನು, ಎಲ್ಲರನ್ನು. ಕೆನ್ನೆ ಕೆಂಪು, ಮೂಗು ಸೋರುತ್ತಿತ್ತು. ನಾನು ಎದ್ದು ನಿಂತು ಕೇಳಿದೆ. ತಡೆಯಲಿಲ್ಲ, ಮುಟ್ಟಲಿಲ್ಲ.

ಹೊರಗೆ ಜಯಲತಾ ಮೇಡಮ್ಮರ ದನಿ — "ಎಂತ ಗಲಾಟೆ ಅದು ಲೈಬ್ರರಿಯಲ್ಲಿ?" ಹೋಗಿ ಬಾಗಿಲನ್ನು ಒಳಗಿನಿಂದ ಹಾಕಿಕೊಂಡೆ. ತಿರುಗಿ ಬಂದು, ಇನ್ನೂ ಇದ್ದರೆ ಹೇಳು ಎಂದೆ. ಅವಳು ತೋಳಿನಿಂದ ಮೂಗು ಒರೆಸಿಕೊಂಡಳು, ಉಸಿರು ಎಳೆದುಕೊಂಡಳು, ಮತ್ತೆ ಮೊದಲಿನಿಂದ ಕೂಗತೊಡಗಿದಳು.