ಅಮ್ಮ ಸಂದರ್ಶನದಲ್ಲಿ ಹೇಳಿದ್ದು

ಜೊಂಜು
ನವೆಂಬರ್ ೮, ಶನಿವಾರ

ನನ್ನ ಚಿನ್ನ ದಾಸೊಮ್‌ಗೆ,

ಪುಸಾನಿನಲ್ಲಿ ಚಳಿ ಶುರುವಾಗಿರಬೇಕು. ಸಮುದ್ರದ ಗಾಳಿ ಕಿವಿಗೆ ಹೊಕ್ಕರೆ ನಿನಗೆ ಆಗಿಬರುವುದಿಲ್ಲ, ಟೋಪಿ ಮರೆಯಬೇಡ. ದಿನಾ ಫೋನಿನಲ್ಲಿ ಎರಡು ಸಾಲು ಕಳಿಸುವ ಅಮ್ಮ ಇದೇಕೆ ಕಾಗದ ಹಿಡಿದು ಕೂತಳೋ ಎಂದು ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದ ಕೂಡಲೇ ನಾನು ಹೇಳಬೇಕಾದ್ದನ್ನು ನುಂಗಿ ಕಿಮ್ಚಿಯ ಮಾತಿಗೆ ಇಳಿದುಬಿಡುತ್ತೇನೆ. ಮಾರ್ಚಿನಲ್ಲಿ ಕಾಲೇಜು ಸೇರಿದಾಗಲೇ ನಾನು ಬರೆಯಬೇಕಾಗಿದ್ದ ಕಾಗದ ಇದು. ಬೈದುಕೊಂಡೇ ಓದು.

ಪೊಟ್ಟಣದಲ್ಲಿ ಒಣಗಿಸಿದ ಕಡಲಪಾಚಿ ಇದೆ. ಶುಕ್ರವಾರ ಹುಟ್ಟುಹಬ್ಬದ ದಿನ ಬೆಳಿಗ್ಗೆಯೇ ಸಾರು ಮಾಡಿಕೊಂಡು ಕುಡಿ. ಮೂರು ವರ್ಷ ನಿನ್ನ ಹುಟ್ಟುಹಬ್ಬಕ್ಕೆ ನಾನು ಅದನ್ನು ಮಾಡಲೇ ಇಲ್ಲ. ಕಾಲೇಜು ಪ್ರವೇಶ ಪರೀಕ್ಷೆಯ ಕಾಲದಲ್ಲಿ ಆ ಜಾರುವ ಪಾಚಿಯ ಸಾರು ಕುಡಿದವರು ಪರೀಕ್ಷೆಯಲ್ಲೂ ಜಾರಿ ಬೀಳುತ್ತಾರೆಂದು ನನಗೆ ಭಯ. ಕುಡಿಯದೆಯೂ ಮೂರು ಸಲವೂ ಅಂಕ ಸಾಲಲಿಲ್ಲ. ಪರೀಕ್ಷೆಯೂ ಹೋಯಿತು, ಸಾರೂ ಹೋಯಿತು.

ನಿನ್ನ ಕೆಲಸದ ಕನ್ನಡಕದಂಗಡಿಯಲ್ಲಿ ನೀನೇ ಗಾಜು ಉಜ್ಜಿ ಕಳಿಸಿದ ಕನ್ನಡಕ ಹಾಕಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಅದರ ಜೊತೆ ನೀನು ಚೀಟಿ ಇಟ್ಟಿದ್ದೆ, "ನಮ್ಮ ಕಾಲೇಜು ಹುಡುಗಿಗೆ, ಅಡುಗೆ ಪುಸ್ತಕದ ಸಣ್ಣ ಅಕ್ಷರ ಓದೋಕೆ" ಅಂತ. ದಾಸೊಮ್, ಆ ಕನ್ನಡಕದಲ್ಲಿ ನಾನು ಒಂದೇ ಒಂದು ಅಡುಗೆ ಪುಸ್ತಕ ಓದಿಲ್ಲ. ನಾನು ಸೇರಿರುವುದು ಆಹಾರ ವಿಭಾಗಕ್ಕಲ್ಲ, ಕಂಪ್ಯೂಟರ್ ವಿಭಾಗಕ್ಕೆ. ನೀನು ಬಸ್ಸಿನ ಕಿಟಕಿಯಿಂದ ಬೆರಳು ಮಾಡಿ ತೋರಿಸುತ್ತಿದ್ದೆಯಲ್ಲ, ಆ ಬೂದು ಕಟ್ಟಡಕ್ಕೇ.

ಸೀಟು ಸಿಕ್ಕ ದಿನ ನೀನು ಫೋನಿನಲ್ಲಿ ಕುಣಿದಾಡಿ, ಯಾವ ವಿಭಾಗ ಎಂದು ಕೇಳಿದೆ. ನನ್ನ ಬಾಯಿಂದ "ಆಹಾರ" ಎಂದು ಬಂತು. ಪಕ್ಕದಲ್ಲಿದ್ದ ನಿಮ್ಮಪ್ಪ ಕೆಮ್ಮಿದರು. ಸುಳ್ಳು ಹೇಳಲು ನಾನು ಮೊದಲೇ ಯೋಚಿಸಿರಲಿಲ್ಲ ಕಣೇ, ಆದರೆ ಹೇಳಿದ ಮೇಲೆ ತಿದ್ದಲೂ ಇಲ್ಲ.

ಯಾಕೆ ಆ ವಿಭಾಗವೇ ಎಂದು ಕೇಳುತ್ತೀಯ. ನೀನು ಸಂದರ್ಶನಕ್ಕೆ ತಯಾರಾಗುತ್ತಿದ್ದಾಗ ಅಪ್ಪನ ಕೋಟು ತೊಟ್ಟು ಪ್ರೊಫೆಸರ್ ಆಗುತ್ತಿದ್ದವಳು ನಾನು. ಮೂರು ವರ್ಷ ಅದೇ ಪ್ರಶ್ನೆ ಕೇಳಿ, ಅದೇ ಉತ್ತರ ಕೇಳಿಸಿಕೊಂಡು, ನನ್ನ ತಲೆಗೂ ಹುಳ ಹೊಕ್ಕಿತ್ತು. ನೀನು ಪುಸಾನಿಗೆ ಹೋದ ಮೇಲೆ ನಿನ್ನ ಪುಸ್ತಕಗಳ ಧೂಳು ಹೊಡೆಯಲು ಹೋದವಳು ಓದುತ್ತಾ ಕೂತೆ. ವಯಸ್ಸಾದವರಿಗೆ ಬೇರೆ ಬಾಗಿಲಿದೆಯೆಂದು ಆಮೇಲೆ ತಿಳಿಯಿತು. ಆ ದೊಡ್ಡ ಪರೀಕ್ಷೆ ಬರೆಯಬೇಕಾಗಿಲ್ಲ, ಸಂದರ್ಶನ ಒಂದೇ. ಮೂರು ಸಲ ನೀನು ತಲೆ ಚಚ್ಚಿಕೊಂಡ ಗೋಡೆಯಲ್ಲಿ ನನಗೆ ಬಾಗಿಲು ತೆರೆದುಕೊಂಡಿತು. ಇದು ನ್ಯಾಯವಲ್ಲ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೂ ಒಳಗೆ ಹೋದೆ.

ಒಳಗೆ ಏನು ಸುಖವಾಗಿದ್ದೇನೆಂದು ತಿಳಿಯಬೇಡ. ದೊಡ್ಡ ಸಭಾಂಗಣದ ತುಂಬ ಮಕ್ಕಳು, ನಡುವೆ ನಾನೊಬ್ಬಳು ಮುದುಕಿ. ಮೊದಲ ದಿನ ಮೂವರು ಎದ್ದು ನಿಂತು ನಮಸ್ಕಾರ ಮಾಡಿದರು, ಪಾಠ ಮಾಡುವವಳು ಬಂದಳೆಂದು. ಗಣಿತ ನನ್ನ ತಲೆಗೆ ಹತ್ತಿಲ್ಲ. ಕಳೆದ ತಿಂಗಳು ತನ್ನನ್ನೇ ತಾನು ಮತ್ತೆ ಮತ್ತೆ ಕರೆದುಕೊಳ್ಳುವ ಪ್ರೋಗ್ರಾಂ ಬರೆಯಲು ಕೊಟ್ಟಿದ್ದರು. ಎಲ್ಲಿ ನಿಲ್ಲಬೇಕೆಂದು ಬರೆಯುವುದನ್ನೇ ನಾನು ಮರೆತಿದ್ದೆ. ಪಕ್ಕದಲ್ಲಿ ಗ್ಯುಬಿನ್ ಇದ್ದ. ಸೇನೆಯ ಸೇವೆ ಮುಗಿಸಿ ವಾಪಸು ಬಂದ ಹುಡುಗ, ನನ್ನನ್ನು ಚಿಕ್ಕಮ್ಮ ಎನ್ನುತ್ತಾನೆ. ಅವನು ಪರದೆ ನೋಡಿ, "ಚಿಕ್ಕಮ್ಮ, ಇದು ನಮ್ಮ ಸಾರ್ಜೆಂಟ್ ಬೈಗುಳ ಇದ್ದಂಗಿದೆ, ಮುಗಿಯೋದೇ ಇಲ್ಲ" ಎಂದ. ಅವನಿಗೆ ಆಲೂಗಡ್ಡೆ ಪಲ್ಯದ ಡಬ್ಬಿ ಕೊಟ್ಟು ಪಾಠ ಹೇಳಿಸಿಕೊಳ್ಳುತ್ತೇನೆ. ಆ ಜಾಗದಲ್ಲಿ ನೀನು ಕೂತಿರಬೇಕಾಗಿತ್ತು ಎಂದು ಅನ್ನಿಸದ ದಿನವಿಲ್ಲ.

ವಿಭಾಗದಲ್ಲಿ ನನ್ನ ಮೊದಲ ಪರೀಕ್ಷೆಯ ಬೆಳಿಗ್ಗೆ ನಿಮ್ಮಪ್ಪ ಪಾಪ ತಾವೇ ಎದ್ದು ಪಾಚಿ ಸಾರು ಕಾಯಿಸಿ ಇಟ್ಟಿದ್ದರು. ನಾನು ಬಟ್ಟಲು ದೂಡಿದೆ. "ಇಷ್ಟು ವಯಸ್ಸಾದ್ಮೇಲೆ ಇನ್ನೆಲ್ಲಿಗೆ ಜಾರ್ತೀಯೇ ದಾಸೊಮ್ ಅಮ್ಮ" ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅವಳಿಗೆ ಯಾವಾಗ ಹೇಳ್ತೀಯ?" ಎಂದರು. ಅವತ್ತಿನಿಂದ ಅವರು ನನ್ನ ಜೊತೆ ಹೆಚ್ಚು ಮಾತಾಡುತ್ತಿಲ್ಲ.

ಈಗ ತಡೆಯಲಾರದೆ ಬರೆಯಲು ಕಾರಣ ಇನ್ನೊಂದಿದೆ. ಡಿಸೆಂಬರಿನಲ್ಲಿ ಹೈಸ್ಕೂಲು ಮಕ್ಕಳು ವಿಭಾಗ ನೋಡಲು ಬರುತ್ತಾರೆ. ನಮ್ಮ ಪ್ರೊಫೆಸರ್ ನೊ ಮೇಡಂ ನನ್ನನ್ನು ಕರೆದು, ಸಂದರ್ಶನದಲ್ಲಿ ಹೇಳಿದ್ದನ್ನು ಆ ಮಕ್ಕಳೆದುರು ವೇದಿಕೆಯ ಮೇಲೆ ಹೇಳಬೇಕು, ಅದನ್ನು ಕೇಳಿ ತಮ್ಮ ಕಣ್ಣು ಒದ್ದೆಯಾಗಿತ್ತು ಎಂದರು. ವಿಡಿಯೊ ಮಾಡಿ ಎಲ್ಲರಿಗೂ ಕಾಣುವಂತೆ ಹಾಕುತ್ತಾರಂತೆ. ಸೋಮವಾರ ಉತ್ತರ ಕೊಡಬೇಕಿತ್ತು, ಹೊಟ್ಟೆನೋವೆಂದು ಮನೆಯಲ್ಲೇ ಉಳಿದೆ. ನೀನು ಹೇಳುವವರೆಗೆ ಹೂಂ ಅನ್ನುವುದಿಲ್ಲ. ಬಿಟ್ಟುಬಿಡು ಎಂದರೆ ವಿಭಾಗವನ್ನೇ ಬಿಟ್ಟು ಬರುತ್ತೇನೆ, ನಮ್ಮ ಪಲ್ಯದಂಗಡಿ ಹೇಗೂ ಇದೆ.

ಪ್ರಾಯದ ಹುಡುಗಿ, ಹೊತ್ತಿಗೆ ಸರಿಯಾಗಿ ಉಣ್ಣು. ದಿನವಿಡೀ ಬೇರೆಯವರ ಕಣ್ಣು ನೋಡುವವಳು ನಿನ್ನ ಕಣ್ಣಿಗೂ ವಿಶ್ರಾಂತಿ ಕೊಡು. ನಿನ್ನ ಬದುಕು ಯಾರ ಬಾಗಿಲ ಹಂಗೂ ಇಲ್ಲದೆ ಅರಳಲಿ. ನೂರು ವರ್ಷ ಬಾಳು ಮಗಳೇ.

ನಿನ್ನ
ಅಮ್ಮ

ಮರೆತೆ ಎಂದು ಬರೆಯುತ್ತಿಲ್ಲ, ಮೇಲೆ ಬರೆಯುವ ಧೈರ್ಯವಾಗಲಿಲ್ಲ: ಸಂದರ್ಶನದ ಕೋಣೆಯಲ್ಲಿ ಮೂವರು ಕೂತಿದ್ದರು. ಈ ವಿಭಾಗ ಯಾಕೆ ಎಂದು ಕೇಳಿದರು. ನಾನು ಕಲಿತುಕೊಂಡು ಹೋದದ್ದೊಂದೂ ನೆನಪಾಗಲಿಲ್ಲ. ಬಂದದ್ದು ನಿನ್ನ ಮಾತು. "ನಮ್ಮಮ್ಮಂದು ಪಲ್ಯದಂಗಡಿ. ಸಂಜೆ ಉಳಿದದ್ದನ್ನ ಎಸೆಯೋಕೆ ಮನಸ್ಸು ಬರದೆ ನಿಂತ್ಕೊಂಡೇ ತಿಂದು ಮುಗಿಸ್ತಾಳೆ. ನಾಳೆ ಎಷ್ಟು ಸೊಪ್ಪು ಬೇಯಿಸಬೇಕು ಅಂತ ಹಿಂದಿನ ದಿನವೇ ಹೇಳೋ ಪ್ರೋಗ್ರಾಂ ಬರೀಬೇಕು ನಾನು. ಅಮ್ಮ ಒಂದು ದಿನ ಕೂತ್ಕೊಂಡು ಬಿಸಿ ಊಟ ಮಾಡೋದನ್ನ ನೋಡ್ಬೇಕು." ನೀನು ಅಡುಗೆಮನೆಯಲ್ಲಿ ಇದನ್ನು ಹೇಳುವಾಗೆಲ್ಲ ನಾನು ಅಳು ನುಂಗಿ "ಮುಂದಿನ ಪ್ರಶ್ನೆ" ಎನ್ನುತ್ತಿದ್ದೆನಲ್ಲ, ಅದೇ. ನಿನ್ನನ್ನು ಅವರು ಆ ಕೋಣೆಗೆ ಕರೆಯಲೇ ಇಲ್ಲ. ನೀನು ನನಗಾಗಿ ಕಟ್ಟಿದ ಮಾತನ್ನು ನಾನು ಹೋಗಿ ನನ್ನದೆಂದು ಹೇಳಿ ಸೀಟು ತಂದೆ. ಸೊಪ್ಪಿನ ಹೊಲ ಬಿಟ್ಟು ಬೇರೇನೂ ಕಾಣದ ನನ್ನಮ್ಮನನ್ನು ಪಲ್ಯದಂಗಡಿಯವಳಾಗಿ ಮಾಡಿದೆ.

ನೊ ಮೇಡಂ ಕಣ್ಣೊರೆಸಿಕೊಂಡು, ನಿಮ್ಮ ತಾಯಿ ಈಗ ಹೇಗಿದ್ದಾರೆ ಎಂದು ಕೇಳಿದರು. ಚೆನ್ನಾಗಿದ್ದಾರೆ, ಈಗ ಕೂತೇ ಉಣ್ಣುತ್ತಾರೆ ಎಂದೆ.

ದಾಸೊಮ್, ನಾನು ಇವತ್ತೂ ನಿಂತೇ ಉಂಡೆ.