ಉಳಿದದ್ದೂ ಒಡೆಯುತ್ತದಂತೆ

ರೂಸೆ, ನದಿಬೀದಿ
ನವೆಂಬರ್ ಹದಿನಾಲ್ಕು

ನನ್ನ ಮುದ್ದು ಆಸೆನ್,

ಹೇಗಿದ್ದೀಯೋ? ಮೈ ಒಣಗಿದೆಯಾ? ಕಾಲು ಬೆಚ್ಚಗಿಟ್ಟುಕೋ ಮಗನೇ, ನಿನಗೆ ನೆಗಡಿ ಹತ್ತುವುದು ಯಾವಾಗಲೂ ಪಾದದಿಂದಲೇ. ನಾವು ಚೆನ್ನಾಗಿದ್ದೇವೆ. ಮಂಜು ಬಿದ್ದಾಗೆಲ್ಲ ನಿನ್ನಪ್ಪನ ಮಂಡಿ ಹಿಡಿದುಕೊಳ್ಳುತ್ತದೆ, ಬಾಯಿ ಮಾತ್ರ ಹಿಡಿದುಕೊಳ್ಳುವುದಿಲ್ಲ. ಈ ಸಲ ಮೆಣಸಿನಕಾಯಿ ಸುಟ್ಟು ಸೀಸೆಗೆ ತುಂಬುವಾಗ ನಿನ್ನ ಪಾಲನ್ನೂ ತುಂಬಿದೆ. ಮುಚ್ಚಳ ಬಿಗಿಯಲು ನೀನಿರಲಿಲ್ಲ.

ನಿನ್ನ ಕೋಣೆಯ ಕಂಪ್ಯೂಟರ್ ಇನ್ನೂ ಓಡುತ್ತಿದೆ, ದೋಣಿ ತೆಗೆದುಕೊಂಡು ಹೋದ ದಿನ ನೀನು ಹೇಗೆ ಬಿಟ್ಟಿದ್ದೆಯೋ ಹಾಗೆಯೇ. ಅಪ್ಪ ಮಕ್ಕಳಿಬ್ಬರ ಆ ಸಂಖ್ಯೆ! ಅಚ್ಚು ಹಾಕಿದರೆ ಕಾಗದದ ಸುರುಳಿಯನ್ನು ಬಂದರಿನವರೆಗೂ ಹಾಸಬಹುದೆಂದು ಹೆಮ್ಮೆಪಡುತ್ತಿದ್ದಿರಿ. ಅದು ಅವಿಭಾಜ್ಯವಲ್ಲ, ಚಿಕ್ಕ ಸಂಖ್ಯೆಗಳಾಗಿ ಒಡೆಯುತ್ತದೆ ಎಂದು ಪರೀಕ್ಷೆ ಹೇಳಿದೆ, ಆದರೆ ಯಾವ ತುಂಡುಗಳಾಗಿ ಎಂದು ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ, ಕಂಪ್ಯೂಟರ್ ಅದನ್ನೇ ಹುಡುಕುತ್ತಿದೆ ಎಂದಿರಿ. ನಾನು ನಕ್ಕಿದ್ದೆ, ನೆನಪಿದೆಯಾ? “ತುಂಡೇ ತೋರಿಸ್ದೆ ಒಡೆಯುತ್ತೆ ಅಂದ್ರೆ ನಂಬೋಕೆ ನಾನೇನು ನಿಮ್ಮಪ್ಪನ ಕ್ಲಾಸಿನ ಹುಡುಗೀನಾ?” ಎಂದೆ. ನೀನು ನನ್ನ ಕೆನ್ನೆಗೆ ಹಿಟ್ಟು ಮೆತ್ತಿ, “ಅಮ್ಮಾ, ಅವಿಭಾಜ್ಯ ಆಗಿದ್ರೆ ಆ ಪರೀಕ್ಷೇಲಿ ಶೇಷ ‘ಒಂದು’ ಅಂತ್ಲೇ ಉಳೀಬೇಕಿತ್ತು. ಬೇರೇನೋ ಉಳೀತು. ಅಷ್ಟು ಸಾಕು” ಎಂದೆ. ನನಗೆ ಅಷ್ಟು ಸಾಲಲಿಲ್ಲ, ಆಗಲೂ ಈಗಲೂ.

ಕಳೆದ ವಾರ ನೀನು ಹೋಗಿ ವರ್ಷ ತುಂಬಿತು. ಬಾಗಿಲಿಗೆ ಅಂಟಿಸಲು ನಿನ್ನಪ್ಪ ಅಚ್ಚಿನಂಗಡಿಯಿಂದ ಕಪ್ಪು ಅಂಚಿನ ಕಾಗದ ತಂದರು, ನಡುವೆ ನಿನ್ನ ಫೋಟೊ. ಬೀದಿಯ ಬಾಗಿಲುಗಳ ಮೇಲೆಲ್ಲ ಅವರವರ ಮನೆಯ ಸತ್ತವರ ಮುಖವಿದೆ, ನಮ್ಮದೊಂದೇ ಬೋಳು ಎಂದು ಎದುರುಮನೆಯ ಪೆನ್ಕಾ ಕೊಂಕು ಆಡುತ್ತಾಳಂತೆ. “ಖಾಲಿ ದೋಣಿ ಸಿಕ್ಕಿದೆ, ಅವನು ಬದುಕಿಲ್ಲ ಅಂತ ಕೋರ್ಟೂ ಹೇಳಿದೆ. ಇದೂ ಆ ಸಂಖ್ಯೆ ಥರಾನೇ ಕಣೇ ವೆಲಿಕಾ, ತುಂಡು ನೋಡ್ಬೇಕಾಗಿಲ್ಲ” ಎಂದರು ನಿನ್ನಪ್ಪ. ನನಗೆ ಮೈಯೆಲ್ಲ ಉರಿಯಿತು. “ಒಂದೇ ಒಂದು ತುಂಡು ತೋರ್ಸಿ, ನಾನೇ ಕಾಗದ ಅಂಟಿಸ್ತೀನಿ” ಎಂದುಬಿಟ್ಟೆ. ನಿನ್ನ ಕೋಣೆಯಲ್ಲೇ, ಆ ಕಂಪ್ಯೂಟರ್ ಮುಂದೆಯೇ ನಿಂತು.

ಮರುದಿನ ಬೆಳಿಗ್ಗೆ ಪರದೆಯ ಮೇಲೆ ಅಂಕಿಗಳ ಒಂದು ಸಾಲು ಬಂದಿತ್ತು. ನಿನ್ನಪ್ಪ ನಿಮ್ಮ ಸಂಖ್ಯೆಯನ್ನು ಅದರಿಂದ ಭಾಗಿಸಿ ನೋಡಿದರು, ಶೇಷ ಸೊನ್ನೆ, ಒಂದು ತುಂಡು ಸಿಕ್ಕಿತ್ತು. ಮಗುವಿನ ಹಾಗೆ ಅತ್ತರು. ಉಳಿದ ಭಾಗವನ್ನು ಪರೀಕ್ಷೆಗೆ ಹಾಕಿದರೆ, ಅದೂ ಒಡೆಯುತ್ತದಂತೆ, ಯಾವುದರಿಂದ ಎಂದು ಮತ್ತೆ ಗೊತ್ತಿಲ್ಲವಂತೆ. ವರ್ಷವಿಡೀ ಬಾಯಿ ಬಿಡದ್ದು ನಾನು ಕೇಳಿದ ಮೇಲೆಯೇ ಏಕೆ ಬಿಟ್ಟಿತು? ಕಾಕತಾಳೀಯ ಎನ್ನುತ್ತಾರೆ ನಿನ್ನಪ್ಪ. ನನಗೆ ಹೆದರಿಕೆ, ಆಸೆನ್. ಆ ಕೋಣೆಗೆ ಹೋದರೆ ಯಾರೋ ನನ್ನ ಮುಂದಿನ ಮಾತಿಗೆ ಕಿವಿಗೊಟ್ಟು ಕಾದಂತಿರುತ್ತದೆ. ಧೂಳು ಒರೆಸುವಾಗ ನಾನು ಅಲ್ಲಿ ಕೆಮ್ಮುವುದೂ ಇಲ್ಲ.

ಇದನ್ನು ದೋಣಿಮನೆಯ ಮೊಳೆಗೆ ಸಿಕ್ಕಿಸುತ್ತೇನೆ, ನೀನು ಮೊದಲು ಬರುವುದು ಅಲ್ಲಿಗೇ ತಾನೆ. ನಿಕೋಲಾ ಹಬ್ಬದ ಮೀನೂಟಕ್ಕೆ ನೀನಿರಬೇಕು. ನೀರಿನವರನ್ನು ಕಾಯುವ ಆ ಸಂತ ನಿನ್ನನ್ನೂ ಕಾಯಲಿ.

ನಿನ್ನ ಅಮ್ಮ,
ವೆಲಿಕಾ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ನದಿ ಪೊಲೀಸರು ಬಂದರು. ಒಂದು ಬೂಟು ತಂದಿದ್ದರು, ಎಡಗಾಲಿನದು. ಒಳಗೆ ನಾನು ಹೆಣೆದ ಕಾಲುಚೀಲ. ಹಸಿರು ನೂಲು ಸಾಲದೆ ಹಿಮ್ಮಡಿಗೆ ಕೆಂಪು ಹಾಕಿದ್ದೆನಲ್ಲ, ಅದೇ. ತುಂಡು ಕೇಳಿದ ನನ್ನ ನಾಲಿಗೆ ಸುಟ್ಟುಹೋಗಲಿ. ಕೊಟ್ಟ ಮಾತಿನಂತೆ ನಾನೇ ಕಾಗದ ಅಂಟಿಸಿದೆ. “ಉಳಿದದ್ದೂ ಸಿಗುತ್ತೆ ಬಿಡೇ” ಎಂದರು ನಿನ್ನಪ್ಪ, ಪಾಪ, ಸಮಾಧಾನಕ್ಕೆ. ನಾನು ಓಡಿಹೋಗಿ ಕಂಪ್ಯೂಟರಿನ ವೈರು ಕಿತ್ತೆ. ಇನ್ನೊಂದು ತುಂಡೂ ನನಗೆ ಬೇಡ. ನೀನು ಬಂದಾಗ ಬಾಗಿಲ ಮೇಲೆ ನಿನ್ನ ಮುಖ ನೋಡಿ ಹಿಂದಕ್ಕೆ ಹೋಗಬೇಡ, ತಟ್ಟು. ಬೂಟನ್ನು ಒಲೆಯ ಪಕ್ಕ ಒಣಗಲು ಇಟ್ಟಿದ್ದೇನೆ.